ಐಸಿಯುನಲ್ಲಿರುವ ಮಗುವಿಗೆ ಡಿಲೀರಿಯಂ: ಗುರುತಿಸುವುದರಿಂದ ಆರೈಕೆಯವರೆಗೆ ಸಮಗ್ರ ಮಾರ್ಗದರ್ಶಿ

ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಕಿರುಚಾಡಿ ಕ್ಯಾನುಲಾ ಕಿತ್ತುಹಾಕುವ ಮಗುವಿನ ಬಳಿಗೆ ಎಲ್ಲರೂ ಓಡಿಹೋಗುತ್ತಾರೆ. ಪಕ್ಕದ ಹಾಸಿಗೆಯಲ್ಲಿ ಛಾವಣಿಯನ್ನು ದಿಟ್ಟಿಸುತ್ತಾ ಅಲುಗಾಡದೆ ಮಲಗಿರುವ ಮಗುವನ್ನು ಮಾತ್ರ "ಪಾಪ, ಸುಸ್ತಾಗಿದೆ, ಮಲಗಲಿ ಬಿಡಿ" ಎಂದು ಬಿಟ್ಟುಬಿಡುತ್ತೇವೆ. ಡಿಲೀರಿಯಂ ಕಣ್ತಪ್ಪಿಹೋಗುವುದು ಹೆಚ್ಚಾಗಿ ಈ ಎರಡನೆಯ ಮಗುವಿನಲ್ಲಿ. ಕೋಲಾರ ಜಿಲ್ಲೆಯ ಆಸ್ಪತ್ರೆಗಳಲ್ಲಿ ಪಾಳಿಯ ಮೇಲೆ ದುಡಿಯುವ ಶುಶ್ರೂಷಕಿಯರನ್ನೂ ಡ್ಯೂಟಿ ವೈದ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮಗುವಿನ ತಲೆದೆಸೆಯಲ್ಲಿ ಕೂರುವ ತಾಯಿ, ತಂದೆ, ಅಜ್ಜಿ ಇವರೂ ಓದಬೇಕೆಂಬುದು ನನ್ನ ಆಸೆ, ಏಕೆಂದರೆ ಈ ಸ್ಥಿತಿಯನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲವರು ಅವರೇ.

ದೇಹದ ಕಾಯಿಲೆಯ, ಔಷಧದ ಅಥವಾ ಚಿಕಿತ್ಸೆಯ ಹೊಡೆತಕ್ಕೆ ಮೆದುಳಿನ ಕೆಲಸ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಹದಗೆಡುವುದಕ್ಕೆ ಡಿಲೀರಿಯಂ ಎನ್ನುತ್ತಾರೆ. ಹಳಬರು ಸನ್ನಿ ಎನ್ನುತ್ತಿದ್ದುದು ಇದನ್ನೇ. ಮಗುವಿನ ಗಮನ ಒಂದು ಕಡೆ ನಿಲ್ಲುವುದಿಲ್ಲ, ಸುತ್ತಲಿನ ಅರಿವು ಮಸುಕಾಗುತ್ತದೆ, ಬೆಳಿಗ್ಗೆ ಚೆನ್ನಾಗಿದ್ದ ಮಗು ಸಂಜೆಗೆ ಬೇರೆಯೇ ಆಗಿರುತ್ತದೆ. ಕೆಲವು ಮಕ್ಕಳು ರೇಗಾಡುತ್ತಾರೆ, ಕೆಲವರು ಮಂಕಾಗುತ್ತಾರೆ, ಹಲವರು ಒಂದೇ ದಿನದಲ್ಲಿ ಎರಡೂ ಆಗುತ್ತಾರೆ. ಇದು ಮಗುವಿನ ಹಠವೂ ಅಲ್ಲ, ಮನೋರೋಗವೂ ಅಲ್ಲ. 2017ರಲ್ಲಿ ಪ್ರಕಟವಾದ, ಹಲವು ದೇಶಗಳ 25 ಮಕ್ಕಳ ಐಸಿಯುಗಳನ್ನು ಒಳಗೊಂಡ ಅಧ್ಯಯನದಲ್ಲಿ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಡಿಲೀರಿಯಂ ಇತ್ತು. ಆರು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಐಸಿಯುನಲ್ಲಿ ಉಳಿದವರಲ್ಲಿ ಆ ಪ್ರಮಾಣ ಶೇ. 38ಕ್ಕೆ ಏರಿತ್ತು. ಎರಡು ವರ್ಷದೊಳಗಿನವರು, ವೆಂಟಿಲೇಟರ್ ಮೇಲಿರುವವರು, ಬೆಳವಣಿಗೆ ಕುಂಠಿತವಾದವರು, ಅಪೌಷ್ಟಿಕತೆ ಇರುವವರು, ಹೃದಯ ಶಸ್ತ್ರಚಿಕಿತ್ಸೆಯಾದವರು ಮತ್ತು ಮಂಪರು ತರುವ ಬೆಂಜೋಡಯಜೆಪಿನ್ ಗುಂಪಿನ ಔಷಧ (ಮಿಡಜೋಲಮ್, ಲೋರಜೆಪಾಮ್ ಮುಂತಾದವು) ಪಡೆಯುತ್ತಿರುವವರು ಹೆಚ್ಚಿನ ಅಪಾಯದಲ್ಲಿರುತ್ತಾರೆ. ಡಿಲೀರಿಯಂ ಬಂದ ಮಕ್ಕಳಲ್ಲಿ ವೆಂಟಿಲೇಟರ್ ದಿನಗಳೂ ಆಸ್ಪತ್ರೆ ವಾಸವೂ ಹೆಚ್ಚು, ಸಾವಿನ ಪ್ರಮಾಣವೂ ಹೆಚ್ಚು. ಆದ್ದರಿಂದ ನಾಡಿ, ಉಸಿರು, ಜ್ವರಗಳನ್ನು ನೋಡುವಷ್ಟೇ ನಿಯಮಿತವಾಗಿ ಇದನ್ನೂ ನೋಡಬೇಕು.

ಹಂತ 1: ಈ ಮಗು ಮನೆಯಲ್ಲಿ ಹೇಗಿತ್ತೆಂದು ದಾಖಲಾದ ದಿನವೇ ಬರೆದಿಡಿ

ಮಗು ಬದಲಾಗಿದೆಯೇ ಎಂದು ತಿಳಿಯಲು ಅದು ಮೊದಲು ಹೇಗಿತ್ತೆಂಬುದು ಗೊತ್ತಿರಬೇಕು. ಆಕ್ಸಿಜನ್, ಡ್ರಿಪ್ ಮುಂತಾದ ಮೊದಲ ಗಂಟೆಯ ಕೆಲಸ ಮುಗಿದ ಮೇಲೆ ತಾಯಿಯನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ: ಮಗು ಎಷ್ಟು ಮಾತಾಡುತ್ತದೆ, ಯಾರನ್ನು ಹೆಚ್ಚು ಹಚ್ಚಿಕೊಂಡಿದೆ, ಹೇಗೆ ಸಮಾಧಾನವಾಗುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ, ಮುದ್ದಿನ ಹೆಸರೇನು, ಕನ್ನಡಕ ಅಥವಾ ಶ್ರವಣಯಂತ್ರ ಬಳಸುತ್ತದೆಯೇ? ಉತ್ತರಗಳನ್ನು ಕೇಸ್ ಶೀಟಿನ ಮೊದಲ ಪುಟದಲ್ಲಿ, ಎಲ್ಲ ಪಾಳಿಯವರಿಗೂ ಕಾಣುವಂತೆ ಬರೆಯಿರಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆಯನ್ನು ಬಿಡಲೇಬಾರದು: ಮನೆಯಲ್ಲಿ ಯಾವ ಮಾತು? ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಕೆಜಿಎಫ್ ಕಡೆಯಿಂದ ಬಂದವರು ತಮಿಳು, ಕೋಲಾರ ಪಟ್ಟಣದ ಹಲವು ಮನೆಗಳಲ್ಲಿ ಉರ್ದು. ಶಾಲೆಗೆ ಹೋಗುವ ಮಗು ಕನ್ನಡದಲ್ಲಿ ಸಲೀಸಾಗಿ ಉತ್ತರ ಕೊಡುವಂತಿದ್ದರೂ, ಮೈಯಲ್ಲಿ ಶಕ್ತಿಯಿಲ್ಲದೆ, ತಲೆ ಮಂಕಾಗಿ ಮಲಗಿರುವಾಗ ಅದಕ್ಕೆ ದಕ್ಕುವುದು ತಾಯಿಯ ಮಾತೊಂದೇ. ಮೂರು ವರ್ಷದ ಕೂಸಿಗೆ "ನಿನ್ನ ಹೆಸರೇನು ಪುಟ್ಟ?" ಎಂದು ಮೂರು ಬಾರಿ ಕೇಳಿ ಉತ್ತರ ಬಾರದಿದ್ದಾಗ ಅದನ್ನು ಗೊಂದಲವೆಂದು ಬರೆಯುವ ಮೊದಲು ತೆಲುಗಿನಲ್ಲಿ "ನೀ ಪೇರೇಮಿ?" ಎಂದು ಒಂದು ಬಾರಿ ಕೇಳಿ ನೋಡಿ. ಕೇಳಲು ಸಿಬ್ಬಂದಿಗೆ ಬಾರದಿದ್ದರೆ ಪಕ್ಕದಲ್ಲಿರುವ ಅಜ್ಜಿಯಿಂದ ಕೇಳಿಸಿ.

ಹಂತ 2: ಎಚ್ಚರದ ಮಟ್ಟವನ್ನು ನೋಡಿ

ಗಾಢ ಮಂಪರಿನಲ್ಲಿರುವ ಮಗುವಿನಲ್ಲಿ ಡಿಲೀರಿಯಂ ಅಳೆಯಲು ಆಗುವುದಿಲ್ಲ. ಮಂಪರು ಮತ್ತು ಚಡಪಡಿಕೆಯನ್ನು ಅಳೆಯುವ ರಿಚ್‌ಮಂಡ್ ಮಾಪಕದಲ್ಲಿ, ಅಂದರೆ ರಾಸ್‌ನಲ್ಲಿ, ಮಗು −4 ಅಥವಾ −5 ಇದ್ದರೆ, ಎಂದರೆ ಕೂಗಿದರೂ ಕಣ್ಣು ತೆರೆಯದೆ, ಮೈ ಮುಟ್ಟಿದರಷ್ಟೇ ಅಲುಗುವ ಅಥವಾ ಅದಕ್ಕೂ ಅಲುಗದ ಸ್ಥಿತಿಯಲ್ಲಿದ್ದರೆ, "ಈಗ ಅಳೆಯಲಾಗದು" ಎಂದು ಬರೆದು ಮುಂದಿನ ಬಾರಿ ನೋಡಿ. −3 ಅಥವಾ ಅದಕ್ಕಿಂತ ಮೇಲಿದ್ದರೆ ಮುಂದುವರಿಯಿರಿ. ಮಗುವಿಗೆ ನಿಜಕ್ಕೂ ಅಷ್ಟು ಆಳದ ಮಂಪರು ಬೇಕೇ ಎಂಬ ಪ್ರಶ್ನೆಯನ್ನು ಇಲ್ಲಿಯೇ ವೈದ್ಯರ ಮುಂದಿಡುವುದು ಒಳ್ಳೆಯದು.

ಹಂತ 3: ಪ್ರತಿ ಪಾಳಿಯಲ್ಲೂ ಎಂಟು ಪ್ರಶ್ನೆಗಳಿಗೆ ಅಂಕ ಹಾಕಿ

ಮಕ್ಕಳಿಗೆಂದೇ ರೂಪಿಸಿದ ಕಾರ್ನೆಲ್ ಮಾಪಕವನ್ನು ಹುಟ್ಟಿದ ಮಗುವಿನಿಂದ ಹಿಡಿದು 21 ವರ್ಷದವರೆಗೂ ಬಳಸಬಹುದು. ಇದಕ್ಕೆ ಯಂತ್ರ ಬೇಡ, ರಕ್ತ ಪರೀಕ್ಷೆ ಬೇಡ. ಪಾಳಿಯಿಡೀ ಮಗುವನ್ನು ಗಮನಿಸಿದ ಶುಶ್ರೂಷಕಿ ಪಾಳಿ ಮುಗಿಯುವ ಮುನ್ನ ಒಂದೆರಡು ನಿಮಿಷದಲ್ಲಿ ತುಂಬಬಹುದು.

ಮೊದಲ ನಾಲ್ಕು ಪ್ರಶ್ನೆಗಳು ಮಗುವಿನಲ್ಲಿ ಇರಬೇಕಾದ ಗುಣಗಳ ಕುರಿತು: ಆರೈಕೆ ಮಾಡುವವರ ಕಣ್ಣಲ್ಲಿ ಕಣ್ಣಿಡುತ್ತದೆಯೇ, ಕೈಕಾಲಿನ ಚಲನೆಗೆ ಒಂದು ಉದ್ದೇಶವಿದೆಯೇ, ಸುತ್ತಲಿನ ಅರಿವಿದೆಯೇ, ತನಗೆ ಬೇಕಾದುದನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸುತ್ತದೆಯೇ? ಇವಕ್ಕೆ "ಎಂದೂ ಇಲ್ಲ" ಎಂದರೆ 4, "ಅಪರೂಪಕ್ಕೆ" 3, "ಕೆಲವೊಮ್ಮೆ" 2, "ಹೆಚ್ಚಾಗಿ" 1, "ಯಾವಾಗಲೂ" ಎಂದರೆ 0. ಉಳಿದ ನಾಲ್ಕು ಇರಬಾರದ ಲಕ್ಷಣಗಳು: ಚಡಪಡಿಕೆ, ಏನು ಮಾಡಿದರೂ ಸಮಾಧಾನವಾಗದಿರುವುದು, ಎಚ್ಚರವಿದ್ದೂ ಅಲುಗಾಟ ತೀರಾ ಕಡಿಮೆಯಿರುವುದು, ಮಾತಾಡಿಸಿದರೆ ಪ್ರತಿಕ್ರಿಯೆಗೆ ಬಹಳ ಹೊತ್ತು ಹಿಡಿಯುವುದು. ಇಲ್ಲಿ ಅಂಕ ತಿರುಗುಮುರುಗಾಗುತ್ತದೆ, "ಎಂದೂ ಇಲ್ಲ" ಎಂದರೆ 0, "ಯಾವಾಗಲೂ" ಎಂದರೆ 4. ಒಟ್ಟು 32ರಲ್ಲಿ 9 ಅಥವಾ ಹೆಚ್ಚು ಬಂದರೆ ಡಿಲೀರಿಯಂ ಇದೆಯೆಂದು ಶಂಕಿಸಿ ವೈದ್ಯರಿಗೆ ತಿಳಿಸಬೇಕು.

ಒಂದು ಮಾದರಿ ನೋಡೋಣ. ಡೆಂಗಿಯ ಆಘಾತದಿಂದ ವೆಂಟಿಲೇಟರ್ ಮೇಲಿದ್ದು ನಿನ್ನೆ ನಳಿಕೆ ತೆಗೆಸಿಕೊಂಡ ನಾಲ್ಕು ವರ್ಷದ ಹುಡುಗ. ಅಮ್ಮ ಅವನ ಮುಖದ ಮುಂದೆ ಕೆಂಪು ಆಟಿಕೆ ಬಸ್ಸು ಹಿಡಿದರೆ ಕಣ್ಣು ಅದರ ಮೇಲೆ ಬಿದ್ದು, ನಿಲ್ಲದೆ, ಗೋಡೆಯ ಕಡೆಗೆ ಜಾರುತ್ತದೆ. ಕೈ ಬಸ್ಸಿನತ್ತ ಚಾಚುವುದಿಲ್ಲ. ಬೆರಳುಗಳು ಆಗಾಗ ಹೊದಿಕೆಯ ಅಂಚನ್ನು ಸುಮ್ಮನೆ ಹಿಂಡುತ್ತವೆ. ತುಟಿ ಒಣಗಿದ್ದರೂ ನೀರು ಕೇಳುವುದಿಲ್ಲ, ಕ್ಯಾನುಲಾ ಇರುವ ಕೈಯನ್ನು ಬದಲಾಯಿಸಿದರೂ ಏನೆಂದು ನೋಡುವುದಿಲ್ಲ. "ಕಂದಾ" ಎಂದು ಕರೆದ ಎಷ್ಟೋ ಹೊತ್ತಿನ ಮೇಲೆ ತಲೆ ನಿಧಾನವಾಗಿ ತಿರುಗುತ್ತದೆ. ಅಂಕ ಹಾಕಿದರೆ: ಕಣ್ಣಿನ ಸಂಪರ್ಕ 3, ಉದ್ದೇಶವುಳ್ಳ ಚಲನೆ 3, ಅರಿವು 3, ಬೇಕಾದುದನ್ನು ತಿಳಿಸುವುದು 4, ಚಡಪಡಿಕೆ 0, ಸಮಾಧಾನವಾಗದಿರುವುದು 0, ಕಡಿಮೆ ಅಲುಗಾಟ 3, ತಡವಾದ ಪ್ರತಿಕ್ರಿಯೆ 4, ಒಟ್ಟು 20. ಅತ್ತಿಲ್ಲ, ಗಲಾಟೆಯಿಲ್ಲ, ಮಾನಿಟರಿನ ಅಲಾರಂ ಒಂದೂ ಕೂಗಿಲ್ಲ. ಆದರೂ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಅಂಕ.

ಹಸುಗೂಸುಗಳಲ್ಲಿ ಆಯಾ ವಯಸ್ಸಿಗೆ ತಕ್ಕ ನಡವಳಿಕೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಎರಡು ತಿಂಗಳ ಮಗುವಿನಿಂದ ನಾವು ಬಯಸುವುದು ಮುಖವನ್ನು ದಿಟ್ಟಿಸಿ ಕಣ್ಣಿನಿಂದ ಹಿಂಬಾಲಿಸುವುದನ್ನು ಮಾತ್ರ. ಏಳು ತಿಂಗಳ ಮಗು ವಸ್ತುವಿನತ್ತ ಕೈ ಚಾಚಬೇಕು. ಎರಡು ವರ್ಷದ ಮಗು ತನಗೆ ಬೇಕಾದುದನ್ನು ಪುಟ್ಟ ಮಾತಿನಲ್ಲಿ ಹೇಳಬೇಕು. ಮೊದಲೇ ಬೆಳವಣಿಗೆ ಕುಂಠಿತವಾಗಿರುವ ಮಗುವಿನಲ್ಲಿ ಈ ಮಾಪಕ ಸುಳ್ಳು ಸೂಚನೆ ಕೊಡಬಹುದು. ಅಂಥಲ್ಲಿ ಅಂಕಕ್ಕಿಂತ "ಇವಳು ನಮ್ಮ ಮಗಳ ಥರ ಇಲ್ಲ" ಎಂಬ ತಾಯಿಯ ಮಾತಿಗೆ ಹೆಚ್ಚು ತೂಕ ಕೊಡಿ. ಐದು ವರ್ಷ ದಾಟಿದ, ಹೇಳಿದ್ದನ್ನು ಅರ್ಥ ಮಾಡಿಕೊಳ್ಳಬಲ್ಲ ಮಕ್ಕಳಿಗೆ ಪಿ-ಕ್ಯಾಮ್ ಐಸಿಯು ಎಂಬ ಇನ್ನೊಂದು ಪರೀಕ್ಷೆಯಿದೆ, ಆರು ತಿಂಗಳಿಂದ ಐದು ವರ್ಷದವರಿಗೆ ಅದರದೇ ಕಿರಿಯ ರೂಪವಿದೆ. ಯಾವುದನ್ನು ಆರಿಸಿಕೊಂಡರೂ ಘಟಕದಲ್ಲಿ ಎಲ್ಲರೂ ಒಂದನ್ನೇ ಬಳಸುವುದು ಮುಖ್ಯ.

ಹಂತ 4: ಕಾರಣವನ್ನು ಹುಡುಕಿ

ಅಂಕ ಹೆಚ್ಚು ಬಂದಿತೆಂದು ನಿದ್ದೆಯ ಔಷಧ ಕೊಡುವುದು ತಪ್ಪು ದಾರಿ. ಮೊದಲು ಉಸಿರು ಮತ್ತು ರಕ್ತಸಂಚಾರ: ಆಕ್ಸಿಜನ್ ಕಡಿಮೆಯಾಗಿದೆಯೇ, ಕಾರ್ಬನ್ ಡೈಆಕ್ಸೈಡ್ ಏರಿದೆಯೇ, ರಕ್ತದೊತ್ತಡ ಇಳಿದಿದೆಯೇ, ರಕ್ತಹೀನತೆಯಿದೆಯೇ? ಕೂಡಲೇ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡಿ. ಆಮೇಲೆ ಸೋಡಿಯಂ, ಕ್ಯಾಲ್ಸಿಯಂ, ಆಮ್ಲ-ಕ್ಷಾರ ಸಮತೋಲ, ಯಕೃತ್ತು ಮತ್ತು ಮೂತ್ರಪಿಂಡದ ಕೆಲಸ. ಹೊಸ ಸೋಂಕು ಸೇರಿಕೊಂಡಿದೆಯೇ ಎಂದು ಕ್ಯಾಥೆಟರ್, ಸೆಂಟ್ರಲ್ ಲೈನ್, ಎದೆ ಎಲ್ಲವನ್ನೂ ಪರೀಕ್ಷಿಸಿ. ನೋವು ಮತ್ತೊಂದು ದೊಡ್ಡ ಕಾರಣ. ಮಾತು ಬಾರದ ಮಕ್ಕಳಲ್ಲಿ ಮುಖಭಾವ, ಕಾಲು, ಚಟುವಟಿಕೆ, ಅಳು, ಸಮಾಧಾನ ಈ ಐದನ್ನು ನೋಡಿ ಹತ್ತರಲ್ಲಿ ಅಂಕ ಹಾಕುವ ಫ್ಲಾಕ್ ಮಾಪಕವನ್ನು ಬಳಸಿ. ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ಹಸಿವು ಇವು ಸಣ್ಣವೆಂದು ಬಿಡಬೇಡಿ.

ಇಷ್ಟಾದ ಮೇಲೆ ಔಷಧದ ಪಟ್ಟಿಯನ್ನು ಕೈಗೆತ್ತಿಕೊಂಡು ಒಂದೊಂದನ್ನೂ "ಇದು ಇಂದಿಗೂ ಬೇಕೇ?" ಎಂದು ಕೇಳಿ. ಮಿಡಜೋಲಮ್, ಲೋರಜೆಪಾಮ್ ಎಷ್ಟು ಹೆಚ್ಚೋ ಡಿಲೀರಿಯಂ ಅಪಾಯವೂ ಅಷ್ಟು ಹೆಚ್ಚು. ರಕ್ತ ಕೊಡುವ ಮೊದಲು ಅಭ್ಯಾಸಬಲದಿಂದ ಹಾಕುವ ಅವಿಲ್, ರಾತ್ರಿ ಮಲಗಲೆಂದು ಕೊಡುವ ಫೆನರ್ಗನ್ ಇವೆರಡೂ ಮೆದುಳಿನ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್‌ಗೆ ಅಡ್ಡಬರುವ ಗುಣವುಳ್ಳವು, ಗೊಂದಲ ತರುವಂಥವು. ಅಲರ್ಜಿಗೆ ನಿಜವಾಗಿ ಬೇಕಾದಾಗ ಕೊಡಲೇಬೇಕು, ಅಭ್ಯಾಸಕ್ಕೆಂದು ಬೇಡ. ಫಿಟ್ಸ್ ನಿಲ್ಲಿಸಲು ಬೆಂಜೋಡಯಜೆಪಿನ್ ಬೇಕಾದಾಗ ಡಿಲೀರಿಯಂ ಭಯದಿಂದ ತಡಮಾಡಲೂಬಾರದು.

ನಮ್ಮ ಕಡೆ ವಿಶೇಷವಾಗಿ ನೆನಪಿಡಬೇಕಾದ ಮೂರು ಸಂದರ್ಭಗಳಿವೆ. ಟೊಮೆಟೊ ತೋಟದ ಊರುಗಳಲ್ಲಿ ಕೀಟನಾಶಕ ಮಗುವಿನ ಹೊಟ್ಟೆ ಸೇರಿದಾಗ ಅಟ್ರೋಪಿನ್ ಕೊಟ್ಟು ಜೀವ ಉಳಿಸುತ್ತೇವೆ. ಎದೆಯ ಕಫ ಒಣಗಿದ ನಂತರವೂ ಅಟ್ರೋಪಿನ್ ಅದೇ ವೇಗದಲ್ಲಿ ಹರಿಯುತ್ತಿದ್ದರೆ ಜ್ವರ, ಕರುಳಿನ ಸದ್ದಡಗುವುದು, ಮೂತ್ರ ಕಟ್ಟುವುದು ಇವುಗಳ ಜೊತೆಗೆ ಮಗು ಗಾಳಿಯಲ್ಲಿ ಏನನ್ನೋ ಹಿಡಿಯತೊಡಗುತ್ತದೆ. ಆಗ ಅಟ್ರೋಪಿನ್ ಹೆಚ್ಚಾಗಿದೆ ಎಂದರ್ಥ, ಹಿರಿಯ ವೈದ್ಯರಿಗೆ ತಕ್ಷಣ ತಿಳಿಸಿ. ಬೇಲಿಯ ಬದಿಯ ಉಮ್ಮತ್ತಿ ಕಾಯಿಯ ಬೀಜ ತಿಂದ ಮಗುವಿನಲ್ಲೂ ಇದೇ ಚಿತ್ರ: ಕಣ್ಣಪಾಪೆ ಅಗಲವಾಗಿ, ಬಾಯಿ ಒಣಗಿ, ಚರ್ಮ ಕೆಂಪಗೆ ಬಿಸಿಯಾಗಿ, ಇಲ್ಲದವರೊಂದಿಗೆ ಮಾತಾಡುತ್ತಿರುತ್ತದೆ. ಮೂರನೆಯದು ಮೆದುಳು ಜ್ವರ. ಕೋಲಾರವು ಜಪಾನಿ ಎನ್ಸೆಫಲೈಟಿಸ್ ಹಿಂದಿನಿಂದಲೂ ಕಾಣಿಸಿಕೊಂಡ ಜಿಲ್ಲೆ. ಜ್ವರದ ಮಗುವಿನ ಗೊಂದಲವನ್ನು "ಐಸಿಯು ಡಿಲೀರಿಯಂ" ಎಂದು ಬರೆಯುವ ಮೊದಲು ಕುತ್ತಿಗೆ ಬಿಗಿತ, ಎರಡು ಪಾಪೆಗಳ ಗಾತ್ರದ ವ್ಯತ್ಯಾಸ, ಒಂದು ಪಕ್ಕದ ಬಲಹೀನತೆ, ಇಳಿಯುತ್ತಿರುವ ಪ್ರಜ್ಞೆ ಇವೆಯೇ ಎಂದು ನೋಡಲೇಬೇಕು. ಕೈಕಾಲು ಅದುರದೆಯೇ ಮೆದುಳಿನಲ್ಲಿ ನಡೆಯುವ ಫಿಟ್ಸ್ ಕೂಡ ಮಂಕು ಕವಿದಂತೆ ಕಾಣಿಸುತ್ತದೆ. ಶಂಕೆಯಿದ್ದರೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಬೇಕು.

ಹಂತ 5: ಔಷಧ ನಿಂತಾಗಿನ ತೊಂದರೆಯನ್ನು ಬೇರೆಯಾಗಿ ನೋಡಿ

ಐದು ದಿನ ಅಥವಾ ಹೆಚ್ಚು ಕಾಲ ಫೆಂಟನಿಲ್, ಮಾರ್ಫಿನ್ ಅಥವಾ ಮಿಡಜೋಲಮ್ ಪಡೆದ ಮಗುವಿಗೆ ಅದನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ಆಕಳಿಕೆ, ಸೀನು, ವಾಂತಿ, ಭೇದಿ, ಜ್ವರ, ಚಡಪಡಿಕೆ ಕಾಣಿಸಿಕೊಳ್ಳಬಹುದು. ಔಷಧ ನಿಂತಾಗಿನ ಲಕ್ಷಣಗಳನ್ನು ಅಳೆಯುವ ಡಬ್ಲ್ಯೂಎಟಿ-1 ಮಾಪಕದಲ್ಲಿ 3 ಅಥವಾ ಹೆಚ್ಚು ಅಂಕ ಬಂದರೆ ಇದನ್ನು ಶಂಕಿಸಬೇಕು. ಡಿಲೀರಿಯಂ ಮತ್ತು ಈ ತೊಂದರೆ ಎರಡೂ ಒಟ್ಟಿಗೇ ಇರುವುದೂ ಉಂಟು, ಆಗ ಚಿಕಿತ್ಸೆ ವಿರುದ್ಧ ದಿಕ್ಕುಗಳಲ್ಲಿ ಎಳೆಯುತ್ತದೆ: ಒಂದಕ್ಕೆ ಔಷಧ ಇಳಿಸಬೇಕು, ಇನ್ನೊಂದಕ್ಕೆ ಇಳಿಸುವುದನ್ನು ನಿಧಾನಿಸಬೇಕು. ಆದ್ದರಿಂದ ಎರಡು ಅಂಕಗಳನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಇಳಿಸುವ ವೇಗವನ್ನು ವೈದ್ಯರು ದಿನದಿನವೂ ನಿರ್ಧರಿಸಬೇಕು.

ಹಂತ 6: ಹಗಲನ್ನು ಹಗಲಾಗಿಸಿ, ರಾತ್ರಿಯನ್ನು ರಾತ್ರಿಯಾಗಿಸಿ, ಮನೆಯವರನ್ನು ಒಳಗೆ ಬಿಡಿ

ನನ್ನ ದೃಷ್ಟಿಯಲ್ಲಿ ಈ ಇಡೀ ಮಾರ್ಗದರ್ಶಿಯ ಅತಿ ಮುಖ್ಯ ಹಂತ ಇದೇ, ಇದಕ್ಕೆ ಹೆಚ್ಚು ಹಣವೂ ಬೇಕಾಗಿಲ್ಲ. ಬೆಳಿಗ್ಗೆ ಪರದೆ ಸರಿಸಿ ಬೆಳಕು ಬರಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಟ್ಯೂಬ್‌ಲೈಟ್ ಆರಿಸಿ, ಬೇಕಾದ ಹಾಸಿಗೆಯ ಬಳಿ ಮಾತ್ರ ಸಣ್ಣ ದೀಪ ಹಚ್ಚಿ. ಮೈ ಒರೆಸುವುದು, ತೂಕ ನೋಡುವುದು, ಸ್ಥಿರವಾಗಿರುವ ಮಗುವಿನ ದಿನನಿತ್ಯದ ರಕ್ತ ತೆಗೆಯುವುದು ಇವನ್ನೆಲ್ಲ ನಸುಕಿನ ನಾಲ್ಕಕ್ಕೆ ಮಾಡುವ ರೂಢಿ ಬಿಡಿ. ಔಷಧ, ಬಟ್ಟೆ ಬದಲಾವಣೆ, ಹೊರಳಿಸುವುದು ಒಟ್ಟಿಗೇ ಮುಗಿಯುವಂತೆ ಹೊಂದಿಸಿದರೆ ಮಗುವಿಗೆ ನಡುವೆ ಎರಡು ಮೂರು ಗಂಟೆ ಅಡ್ಡಿಯಿಲ್ಲದ ನಿದ್ದೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ರಾತ್ರಿಯ ವಾರ್ಡಿಗೆ ಹೇಳುವ ಮಿತಿ 30 ಡೆಸಿಬೆಲ್. ನಮ್ಮ ಘಟಕಗಳಲ್ಲಿ ಅದು ಕಷ್ಟ, ಆದರೆ ಫೋನುಗಳನ್ನು ಮ್ಯೂಟ್ ಮಾಡುವುದು, ಅಲಾರಂ ಮಿತಿಗಳನ್ನು ಆಯಾ ಮಗುವಿಗೆ ತಕ್ಕಂತೆ ಹೊಂದಿಸುವುದು, ಪಾಳಿ ಬದಲಾಗುವಾಗ ಹಾಸಿಗೆಯ ಮೇಲೆ ಬಾಗಿ ಗಟ್ಟಿಯಾಗಿ ಮಾತಾಡದಿರುವುದು ನಮ್ಮ ಕೈಯಲ್ಲೇ ಇದೆ.

ದಿನಕ್ಕೆ ಅರ್ಧ ಗಂಟೆ ಮಾತ್ರ ತಾಯಿಯನ್ನು ಒಳಗೆ ಬಿಡುವ ನಿಯಮವಿರುವ ಘಟಕಗಳು ಅದನ್ನು ಮರುಪರಿಶೀಲಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಕೈ ತೊಳೆದು, ಗೌನ್ ಹಾಕಿಕೊಂಡು ಒಬ್ಬರು ಸದಾ ಪಕ್ಕದಲ್ಲಿರಲಿ. ಅವರಿಗೆ ಮಾಡಲು ಕೆಲಸ ಕೊಡಿ: ಪ್ರತಿ ಎರಡು ಮೂರು ಗಂಟೆಗೊಮ್ಮೆ "ಈಗ ಬೆಳಿಗ್ಗೆ ಆಗಿದೆ, ನಾವು ಆಸ್ಪತ್ರೆಯಲ್ಲಿದ್ದೀವಿ, ಅಮ್ಮ ಇಲ್ಲೇ ಇದ್ದೀನಿ" ಎಂದು ಮನೆಯ ಮಾತಿನಲ್ಲಿ ಹೇಳುವುದು, ಕೈಕಾಲು ನೀವುವುದು, ಮಲಗುವ ಹೊತ್ತಿಗೆ ಮನೆಯಲ್ಲಿ ಹಾಡುವ ಜೋಗುಳವನ್ನೇ ಹಾಡುವುದು. ತಾಯಿಯೂ ಹಾಸಿಗೆ ಹಿಡಿದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿದ ಅವಳ ದನಿಯನ್ನು ಕೇಳಿಸಿ. ಮಗುವಿನ ಹಳೆಯ ಹೊದಿಕೆ, ಒಂದು ಬೊಂಬೆ, ಅಣ್ಣ-ಅಕ್ಕನ ಫೋಟೋ ಹಾಸಿಗೆಯ ಬಳಿ ಇರಲಿ. ಕನ್ನಡಕವಿರುವ ಮಗುವಿಗೆ ಎಚ್ಚರವಾದೊಡನೆ ಕನ್ನಡಕ ಹಾಕಿ. ರಾತ್ರಿ ಹೊತ್ತು ಮೊಬೈಲ್ ವಿಡಿಯೋ ಬೇಡ.

ಕೈ ಕಟ್ಟುವುದು ಡಿಲೀರಿಯಂ ಅನ್ನು ಹೆಚ್ಚಿಸುತ್ತದೆ. ನಳಿಕೆ ಕಿತ್ತೀತೆಂಬ ಹೆದರಿಕೆ ನಿಜವಾದದ್ದೇ; ಆದರೂ ಮೊದಲು ಬಟ್ಟೆಯ ಕೈಗವಸು, ಚೆನ್ನಾಗಿ ಅಂಟಿಸಿದ ನಳಿಕೆ, ಪಕ್ಕದಲ್ಲಿ ಕೈ ಹಿಡಿದು ಕೂರುವ ಅಜ್ಜಿ ಇವನ್ನು ಪ್ರಯತ್ನಿಸಿ. ಕಟ್ಟಲೇಬೇಕಾದರೆ ಕಾರಣ ಬರೆದು, ಆಗಾಗ ಬಿಚ್ಚಿ ನೋಡಿ. ಬೇಡವಾದ ಕ್ಯಾಥೆಟರ್, ಮೂಗಿನಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬುಗಳನ್ನು ಅಂದಂದೇ ತೆಗೆಯಿರಿ. ರಕ್ತಸಂಚಾರ ಸ್ಥಿರವಾದ ಮಗುವನ್ನು ವೈದ್ಯರ ಒಪ್ಪಿಗೆ ಪಡೆದು ಹಾಸಿಗೆಯಲ್ಲಿ ಒರಗಿಸಿ ಕೂರಿಸುವುದು, ತಾಯಿಯ ತೊಡೆಗೆ ಕೊಡುವುದು, ನಾಲ್ಕು ಹೆಜ್ಜೆ ನಡೆಸುವುದು ಬೇಗ ಶುರುವಾಗಲಿ.

ಹಂತ 7: ಔಷಧದ ಮಾತು ಕೊನೆಯಲ್ಲಿ

ಮಂಪರು ಬೇಕೇಬೇಕಾದ ಮಗುವಿಗೆ ಮಿಡಜೋಲಮ್ ಬದಲು ಡೆಕ್ಸ್‌ಮೆಡೆಟೊಮಿಡೀನ್ ಬಳಸುವುದರತ್ತ ಈಗ ಒಲವಿದೆ. ನಾಡಿ ಮತ್ತು ರಕ್ತದೊತ್ತಡ ಇಳಿಯುವುದನ್ನು ಗಮನಿಸುತ್ತಿರಬೇಕು. 2022ರ ಅಮೆರಿಕದ ಕ್ರಿಟಿಕಲ್ ಕೇರ್ ಸೊಸೈಟಿಯ ಮಾರ್ಗಸೂಚಿಯು ಮನೋರೋಗಕ್ಕೆ ಬಳಸುವ ಹಾಲೊಪೆರಿಡಾಲ್ ಆಗಲಿ, ಅದರ ನಂತರದ ಪೀಳಿಗೆಯ ಔಷಧಗಳಾಗಲಿ ಡಿಲೀರಿಯಂ ತಡೆಯಲು ಅಥವಾ ಅದರ ಅವಧಿ ತಗ್ಗಿಸಲು ವಾಡಿಕೆಯಂತೆ ಕೊಡುವುದನ್ನು ಬೆಂಬಲಿಸುವುದಿಲ್ಲ. ಕಾರಣಗಳನ್ನೆಲ್ಲ ಸರಿಪಡಿಸಿದ ಮೇಲೂ ಮಗು ಭಯಂಕರ ಭ್ರಮೆಯಲ್ಲಿ ನರಳುತ್ತಿದ್ದರೆ ತಜ್ಞರು ರಿಸ್ಪೆರಿಡೋನ್ ಅಥವಾ ಕ್ವಿಟಿಯಾಪಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಬಹುದು. ಅದಕ್ಕೆ ಮೊದಲೂ ನಂತರವೂ ಇಸಿಜಿ ತೆಗೆದು, ಹೆಚ್ಚಾದರೆ ಹೃದಯದ ಲಯ ತಪ್ಪಿಸುವ ಕ್ಯೂಟಿ ಅಂತರವನ್ನು ನೋಡಲೇಬೇಕು, ಐಸಿಯುನಿಂದ ಹೊರಡುವಾಗ ಆ ಔಷಧ ಸುಮ್ಮನೆ ಮುಂದುವರಿಯದಂತೆ ನಿಲ್ಲಿಸುವ ದಿನವನ್ನೂ ಬರೆಯಬೇಕು.

ಹಂತ 8: ಮನೆಯವರಿಗೆ ತಿಳಿಸಿ ಹೇಳಿ

ಹೆತ್ತ ಮಗು ತನ್ನನ್ನೇ ಗುರುತಿಸದಿದ್ದರೆ ತಾಯಿಯ ಎದೆ ಒಡೆಯುತ್ತದೆ. ಅವಳ ಬಳಿ ನಿಂತು, ಅವಸರವಿಲ್ಲದೆ ಹೇಳಿ: "ಅಮ್ಮಾ, ಗಾಬ್ರಿ ಆಗ್ಬೇಡಿ. ಕಾಯಿಲೆ ಜೋರಾಗಿರೋದ್ರಿಂದ ಇದ್ಯಾವ ಜಾಗ, ಯಾರು ಏನು ಅಂತ ಮಗೂಗೆ ಈಗ ತಿಳೀತಿಲ್ಲ. ಕಾಯಿಲೆ ಇಳೀತಾ ಬಂದ್ರೆ ಹೆಚ್ಚಿನ ಮಕ್ಕಳಲ್ಲಿ ಇದೂ ಇಳಿಯುತ್ತೆ. ಉತ್ತರ ಕೊಡ್ಲಿಲ್ಲ ಅಂದ್ರೂ ನೀವು ಮಾತಾಡಿಸ್ತಾನೇ ಇರಿ." ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ಅಜ್ಜಿ ಹೇಳಿದರೆ ರೇಗಬೇಡಿ. ತಾಯಿತವನ್ನು ಹಾಸಿಗೆಯ ಕಂಬಿಗೆ ಕಟ್ಟಲು ಬಿಡಬಹುದು. ವಿಭೂತಿಯ ಪುಡಿ ನಳಿಕೆಯ ಬಳಿ ಬೇಡ, ಬಾಯಿಗೆ ತೀರ್ಥವಾಗಲಿ ನಾಟಿ ಔಷಧವಾಗಲಿ ಹಾಕಿದರೆ ಶ್ವಾಸಕೋಶಕ್ಕೆ ಇಳಿದೀತೆಂದು ಕಾರಣ ಸಹಿತ ವಿವರಿಸಿ. ಹೀಗೆ ಗೌರವದಿಂದ ಮಾತಾಡಿಸಿದ ಮನೆಯವರು ಮಗುವಿನ ಸಣ್ಣ ಬದಲಾವಣೆಯನ್ನೂ ನಿಮಗೆ ಬಂದು ಹೇಳುತ್ತಾರೆ.

ಹಂತ 9: ಬೇರೆ ಆಸ್ಪತ್ರೆಗೆ ಕಳಿಸುವಾಗ ಮತ್ತು ಮನೆಗೆ ಕಳಿಸುವಾಗ

ಬೆಂಗಳೂರಿಗೆ ಕಳಿಸುವ ಪತ್ರದಲ್ಲಿ ಕಾರ್ನೆಲ್ ಅಂಕಗಳು ದಿನವಾರು, ಕೊಟ್ಟ ಮಂಪರು ಔಷಧಗಳು ಮತ್ತು ಎಷ್ಟು ದಿನ ಕೊಟ್ಟಿದ್ದು, ಕಾಯಿಲೆಗೆ ಮೊದಲಿನ ಮಗುವಿನ ಸ್ಥಿತಿ, ಮನೆಯ ಮಾತು ಇವು ಇರಲೇಬೇಕು. ಆಂಬುಲೆನ್ಸಿನಲ್ಲಿ ಮನೆಯವರೊಬ್ಬರು ಜೊತೆಗಿರಲಿ.

ಮನೆಗೆ ಹೋದ ಮೇಲೆ ಕೆಲವು ವಾರ ಕೆಟ್ಟ ಕನಸು, ಒಬ್ಬಂಟಿಯಾಗಿರಲು ಹೆದರಿಕೆ, ಹಾಸಿಗೆ ಒದ್ದೆ ಮಾಡುವುದು, ಸಿಟ್ಟು, ಓದಿನಲ್ಲಿ ಗಮನ ನಿಲ್ಲದಿರುವುದು ಕಾಣಬಹುದು. ಐಸಿಯುನಲ್ಲಿ ಹುಳು ಹರಿದಾಡಿದವು, ಯಾರೋ ಹೊಡೆದರು ಎಂದು ಮಗು ಹೇಳಿದರೆ "ಸುಳ್ಳು" ಎಂದು ಗದರದೆ ಪೂರ್ತಿ ಕೇಳಿ, ಆಮೇಲೆ ಅಲ್ಲಿ ನಿಜವಾಗಿ ಏನು ನಡೆಯಿತೆಂದು ಮಗುವಿಗೆ ತಿಳಿಯುವಂತೆ ಹೇಳಿ. ಶಾಲೆಯ ಮೇಷ್ಟ್ರಿಗೂ ವಿಷಯ ತಿಳಿಸಿ. ಒಂದು ತಿಂಗಳ ನಂತರವೂ ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹೆಚ್ಚಿನ ನೆರವಿಗೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಜ್ವರ, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ನಿದ್ದೆ, ಹೊಸದಾಗಿ ಶುರುವಾದ ಗೊಂದಲ ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಬನ್ನಿ.